ಹನ್ನೊಂದು ದಿನದ ರಾಜಿ

ಅಪ್ಪನ ಫೋಟೊವನ್ನು ಸುಮಂಗಲಾ ತರಗತಿಯ ಪರದೆಯ ಮೇಲೆ ನೋಡಿದ್ದು ಎರಡನೆಯ ಸೆಮಿಸ್ಟರಿನಲ್ಲಿ.

ಕಲಬುರಗಿಯ ಸೇಡಂ ರಸ್ತೆಯ ಸಮನ್ವಯ ಸ್ನಾತಕೋತ್ತರ ಕೇಂದ್ರದಲ್ಲಿ ಧರ್ಮ, ಸಂಘರ್ಷ ಪರಿಹಾರ ಮತ್ತು ಶಾಂತಿ ನಿರ್ಮಾಣ ಎಂಬ ಎಂ.ಎ. ಶುರುವಾಗಿ ನಾಲ್ಕೇ ವರ್ಷವಾಗಿತ್ತು. ತರಗತಿಯಲ್ಲಿ ಇದ್ದವರು ಹದಿನಾಲ್ಕು ಮಂದಿ. ಅಂದು ಪ್ರೊಫೆಸರ್ ಗುರುಪ್ರಸಾದ ಪ್ರೊಜೆಕ್ಟರ್ ಹಚ್ಚಿ, ಹೊರದೇಶದ ಉದಾಹರಣೆಗಳು ಸಾಕು, ಇವತ್ತು ನಮ್ಮ ಜಿಲ್ಲೆಯದೇ ಒಂದನ್ನು ನೋಡೋಣ ಎಂದರು. ಪರದೆಯ ಮೇಲೆ ಕಮಲಾಪುರದ ಒಂದು ಸಭಾಭವನ ಬಂತು. ಜರಿ ರುಮಾಲಿನ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತಿದ್ದರು. ಗಡ್ಡ ಬೆಳೆದ, ಬಡಕಲು ಮೈಯ ಒಬ್ಬ ಮನುಷ್ಯ ಬಾಗಿ ಅವರಿಗೆ ಹಾರ ಹಾಕುತ್ತಿದ್ದ. ಕುಳಿತವರು ದೌಲಪ್ಪ ಸಾಹುಕಾರರು. ಹಾರ ಹಾಕುತ್ತಿದ್ದವನು ಸುಮಂಗಲಾಳ ಅಪ್ಪ ಹಣಮಂತರಾಯ.

ಪ್ರೊಫೆಸರು ವಿವರಿಸಿದರು. ೨೦೧೩ರ ಬುದ್ಧ ಪೂರ್ಣಿಮೆಯ ಮೆರವಣಿಗೆಯಲ್ಲಿ ಎರಡು ಸಮುದಾಯಗಳ ನಡುವೆ ತಕರಾರಾಯಿತು. ಒಬ್ಬ ಯುವಕನಿಗೆ ಗಾಯವಾಯಿತು, ಕೇಸೂ ಆಯಿತು. ಆದರೆ ಊರಿನ ಹಿರಿಯರು ಹನ್ನೊಂದೇ ದಿನದಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದರು. ಗಾಯಗೊಂಡ ಯುವಕ ಈಗ ಅದೇ ಹಿರಿಯರ ಬೇಳೆ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಶಾಂತಿ ಎಂದರೆ ಇದು. ಇದನ್ನು ಅವರು ತಮ್ಮ ಪುಸ್ತಕದಲ್ಲಿ ‘ಕಮಲಾಪುರ ಮಾದರಿ’ ಎಂದು ಕರೆದಿದ್ದರು. ಆ ಪುಸ್ತಕ ಪಠ್ಯವೂ ಆಗಿತ್ತು.

“ಸುಮಂಗಲಾ, ನೀ ಕಮಲಾಪುರದಾಕಿ ಅಲ್ಲ? ನಿನಗ ಗೊತ್ತಿರಬೇಕು” ಎಂದರು.

“ಆಗ ನಾ ಸಣ್ಣಾಕಿ ಇದ್ದೆ ಸರ್” ಎಂದಳು ಸುಮಂಗಲಾ. ಉಳಿದವರಂತೆ ಅವಳೂ ನೋಟ್ಸ್ ಬರೆದುಕೊಂಡಳು. ಅಕ್ಷರ ಓರೆಯಾಗಲಿಲ್ಲ. ಕುರ್ಚಿಯಲ್ಲಿ ಕುಳಿತ ಆ ಮನುಷ್ಯನನ್ನು ಬಿಡಬಾರದು, ಆ ಪುಸ್ತಕವನ್ನೂ ಬಿಡಬಾರದು ಎಂದು ಅವಳು ತೀರ್ಮಾನ ಮಾಡಿದ್ದು ಆ ಐವತ್ತು ನಿಮಿಷದ ಪಾಠದೊಳಗೇ.

ಮೆರವಣಿಗೆಯಾದ ವರ್ಷ ಅವಳು ಏಳನೆಯ ತರಗತಿ ಮುಗಿಸಿದ್ದಳು. ಅಣ್ಣ ಕುನಾಲನಿಗೆ ಹದಿನೇಳು. ಮೆರವಣಿಗೆಯಲ್ಲಿ ಬುದ್ಧನ ಫೋಟೊ ಹಿಡಿದವನು ಅವನೇ. ದೊಡ್ಡ ಓಣಿಯೊಳಗೆ ಬರಬೇಡಿ ಎಂದು ನಾಲ್ಕು ಜನ ಅಡ್ಡ ಬಂದರು, ಮಾತಿಗೆ ಮಾತು ಬೆಳೆಯಿತು, ಗುಂಪಿನೊಳಗಿಂದ ಬಂದ ಕಲ್ಲೊಂದು ಕುನಾಲನ ಎಡಗಣ್ಣಿಗೆ ಬಿತ್ತು. ಎಸೆದವರು ಯಾರೆಂದು ಯಾರೂ ಹೇಳಲಿಲ್ಲ. ಅಪ್ಪ ಠಾಣೆಗೆ ಹೋಗಿ ದೂರು ಕೊಟ್ಟ. ಅವ್ವ ಭೀಮಬಾಯಿ ಮಗನ ಜೊತೆ ಕಲಬುರಗಿಯ ಆಸ್ಪತ್ರೆಯಲ್ಲಿ ಉಳಿದಳು.

ಮರುದಿನದಿಂದ ಅವರ ಓಣಿಗೆ ಅಂಗಡಿಯವರು ಸಾಮಾನು ಕೊಡಲಿಲ್ಲ. ಹಾಲಿನವನು ಬರಲಿಲ್ಲ. ಕೆಂಬಾಳೆಯ ತೋಟಗಳಿಗೆ ಆಳು ಕರೆಯಲಿಲ್ಲ. ಸುಮಂಗಲಾ ಜೋಳದ ಬುಟ್ಟಿ ಹೊತ್ತು ಹಿಟ್ಟಿನ ಗಿರಣಿಗೆ ಹೋದಾಗ ಗಿರಣಿಯವನು ಮಷಿನ್ ಕೆಟ್ಟಿದೆ ಎಂದ. ಅವಳ ಎದುರಿಗೇ ಇನ್ನೊಬ್ಬರ ಹಿಟ್ಟು ಬೀಳುತ್ತಿತ್ತು. ಅಪ್ಪ ಮತ್ತು ಅವಳು ಬೀಸದ ಜೋಳವನ್ನು ಹಾಗೇ ಕುದಿಸಿ, ಉಪ್ಪು ಹಾಕಿ ತಿಂದರು. ಹನ್ನೊಂದನೆಯ ದಿನ ಓಣಿಯ ಮಂದಿಯೇ ಬಂದು, ನಮ್ಮ ಮಕ್ಕಳ ಮುಖ ನೋಡು ಹಣಮಂತಾ ಎಂದರು. ಅಪ್ಪ ಸಭಾಭವನಕ್ಕೆ ಹೋಗಿ ದೌಲಪ್ಪನವರಿಗೆ ಹಾರ ಹಾಕಿ ಸಹಿ ಮಾಡಿದ. ತನ್ನ ಮಗ ತಾನೇ ಕಾಲು ಜಾರಿ ಬಿದ್ದು ಕಣ್ಣಿಗೆ ಪೆಟ್ಟು ಮಾಡಿಕೊಂಡಿದ್ದಾನೆ, ಯಾರ ಮೇಲೂ ತಕರಾರಿಲ್ಲ ಎಂದು ಆ ಕಾಗದದಲ್ಲಿತ್ತು. ಕೇಸು ಮುಚ್ಚಿತು. ಕುನಾಲನ ಕಣ್ಣು ಬರಲಿಲ್ಲ. ಕನಿಕರದಿಂದ ಎಂಬಂತೆ ದೌಲಪ್ಪ ಅವನಿಗೆ ಕಪನೂರದ ತಮ್ಮ ಬೇಳೆ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸ ಕೊಟ್ಟರು.

ಮೂರನೆಯ ಸೆಮಿಸ್ಟರಿನಲ್ಲಿ ಪ್ರಬಂಧದ ವಿಷಯ ಕೊಡಬೇಕಾದಾಗ ಸುಮಂಗಲಾ ‘ಕಮಲಾಪುರ ಮಾದರಿ: ಒಂದು ಮರುಭೇಟಿ’ ಎಂದು ಬರೆದು ಗುರುಪ್ರಸಾದರ ಮುಂದಿಟ್ಟಳು. ಅವರಿಗೆ ಬಹಳ ಸಂತೋಷವಾಯಿತು. ತಾವೇ ಮಾರ್ಗದರ್ಶಕರಾಗುವುದಾಗಿ ಹೇಳಿ, ಅಲ್ಲೇ ದೌಲಪ್ಪನವರಿಗೆ ಫೋನ್ ಮಾಡಿ, ನನ್ನ ವಿದ್ಯಾರ್ಥಿನಿ ನಿಮ್ಮ ಸಂದರ್ಶನಕ್ಕೆ ಬರುತ್ತಾಳೆ ಎಂದರು.

ಭಾನುವಾರ ಕಮಲಾಪುರಕ್ಕೆ ಹೋಗಿ ಮನೆಯಲ್ಲಿ ಹೇಳಿದಳು. ಅಪ್ಪನ ಮುಖ ಕಪ್ಪಿಟ್ಟಿತು. ಮುಗಿದು ಹೋದದ್ದು ಮುಗಿಯಿತು, ಹುಡುಗ ಅವರ ಗಿರಣಿಯಲ್ಲೇ ದುಡಿಯುತ್ತಿದ್ದಾನೆ, ನೀನು ನಿನ್ನ ಓದು ಮುಗಿಸು ಎಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಊರಿನ ಆ ಹಿಟ್ಟಿನ ಗಿರಣಿಯ ಮೆಟ್ಟಿಲನ್ನು ಅವಳು ಹನ್ನೊಂದು ವರ್ಷವಾದರೂ ಮತ್ತೆ ಹತ್ತಿರಲಿಲ್ಲ. ಪಕ್ಕದ ಊರಿಗೆ ನಡೆದು ಹೋಗಿ ಜೋಳ ಬೀಸಿಸಿಕೊಂಡು ಬರುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಅಂದಳು:

“ಕಲ್ಲು ಒಗದಾವ ಯಾರಂತ ಕೇಳು. ಬ್ಯಾರೆ ಏನೂ ಕೇಳಬ್ಯಾಡ.”

ದೌಲಪ್ಪ ಈಗ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಗಿರಣಿಯನ್ನು ಮಗ ವಿಶ್ವಾಸನಿಗೆ ಬಿಟ್ಟು, ಶಾಂತಿ ಸಭೆಗಳಿಗೂ ಸನ್ಮಾನಗಳಿಗೂ ಓಡಾಡುತ್ತಿದ್ದರು. ಸುಮಂಗಲಾಳನ್ನು ಸೋಫಾದ ಮೇಲೆ ಕೂರಿಸಿ, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಕಮಲಾಪುರ, ಹಣಮಂತರಾಯರ ಮಗಳು ಎಂದಳು. ಅವಳು ಕಾದಳು. ಅವರ ಮುಖದಲ್ಲಿ ಏನಾದರೂ ಆಗುತ್ತದೆ, ಆಗ ಎದ್ದು ಹೋಗಬೇಕಾಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ.

“ಹಾಂ, ಸಾಲಿ ಮಾಸ್ತರ್ ಹಣಮಂತರಾಯರ ಮಗಳೇನವಾ? ಚೊಲೋ ಮನುಷ್ಯಾ ಅವರು” ಎಂದರು.

ಆ ಮಾಸ್ತರು ಬೇರೆಯವರು. ಸುಮಂಗಲಾ ಅಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಅಪ್ಪನ ಹೆಸರು ಕೂಡ ಈ ಮನುಷ್ಯನಿಗೆ ನೆನಪಿಲ್ಲ ಎಂಬುದು ಅವಳ ಒಳಗೆ ಬಿಸಿ ಸರಳಿನಂತೆ ಇಳಿಯಿತು. ಅಲ್ಲಿಯವರೆಗೆ ಅವಳಿಗೆ ಸ್ವಲ್ಪ ಅಂಜಿಕೆಯಿತ್ತು. ಆಮೇಲೆ ಇರಲಿಲ್ಲ.

ಚೀಲದಿಂದ ಒಪ್ಪಿಗೆ ಪತ್ರ ತೆಗೆದಳು. ಸಂದರ್ಶನ ಕೊಡುವವರ ಹೆಸರು ಗುಟ್ಟಾಗಿಡಬೇಕೋ, ಬಳಸಬಹುದೋ ಎಂದು ಅದರಲ್ಲಿ ಕೇಳಲಾಗಿತ್ತು. ಹೆಸರು ಬೇಡವೆಂದರೆ ‘ಊರಿನ ಹಿರಿಯರೊಬ್ಬರು’ ಎಂದು ಬರೆಯುವುದಾಗಿ ಹೇಳಿದಳು. ದೌಲಪ್ಪ ಕನ್ನಡಕ ಹಾಕಿಕೊಂಡು ಓದಿ, ಹೆಸರು ಇರಲೇಬೇಕು, ಫೋಟೊನೂ ಹಾಕು ಎಂದರು. ತಾನು ಮಾಡಿದ ಕೆಲಸಕ್ಕೆ ತನ್ನ ಹೆಸರೇ ಇಲ್ಲದಿದ್ದರೆ ಹೇಗೆ ಎಂದು ನಕ್ಕರು. ಸಹಿ ಮಾಡಿದರು. ಅವಳು ಫೋನಿನ ರೆಕಾರ್ಡರ್ ಒತ್ತಿ ಟೀಪಾಯಿಯ ಮೇಲೆ ಅವರ ಕಣ್ಣಿಗೆ ಕಾಣುವಂತೆ ಇಟ್ಟಳು.

ಎರಡು ತಾಸು ಮಾತಾಡಿದರು. ಬಡಿದಾಟ ಮಾಡಿದ್ದರೆ ಹೆಣ ಬೀಳುತ್ತಿದ್ದವು, ತಾವು ಯಾರ ಮೈಮೇಲೂ ಕೈ ಹಾಕಗೊಡಲಿಲ್ಲ ಎಂದರು. ಬದಲಿಗೆ ಗಿರಣಿಯವನನ್ನೂ ಅಂಗಡಿಯವರನ್ನೂ ತೋಟದವರನ್ನೂ ಕರೆಸಿ, ಆ ಓಣಿಗೆ ಎಲ್ಲ ಬಂದ್ ಮಾಡಿರೆಂದು ಹೇಳಿದರಂತೆ. ಯಾರಾರನ್ನು ಕರೆಸಿದ್ದೆ ಎಂದು ಹೆಸರು ಹಿಡಿದು ಹೇಳಿದರು. ಹೊಟ್ಟೆ ಕೇಳುವುದಿಲ್ಲ, ಹತ್ತು ದಿನದಲ್ಲಿ ಬರುತ್ತಾರೆಂದು ತನಗೆ ಗೊತ್ತಿತ್ತು, ಒಂದು ದಿನ ಹೆಚ್ಚು ಹಿಡಿಯಿತು ಎಂದರು. ಕಾಗದ ಬರೆಸಿದವರೂ ಅವರೇ.

ಹುಡುಗ ಕಾಲು ಜಾರಿ ಬಿದ್ದದ್ದು ಖರೆಯೇನು ಎಂದು ಸುಮಂಗಲಾ ಕೇಳಿದಳು.

ದೌಲಪ್ಪ ಕೈ ಬೀಸಿದರು. “ಎಲ್ಲಿ ಕಾಲು ಜಾರೋದವಾ? ನಮ್ಮ ವಿಶ್ವಾಸನ ಕೈ ಅದು. ಹತ್ತೊಂಬತ್ತು ವರ್ಷದ ಹುಡುಗ, ಬಿಸಿ ರಕ್ತ, ಒಂದು ಕಲ್ಲು ಒಗದುಬಿಟ್ಟ. ಅದಕ್ಕ ಅವನ ಜಿಂದಗಿ ಹಾಳ ಮಾಡಬೇಕೇನು? ಆ ಹುಡುಗಗ ನಮ್ಮಲ್ಲೇ ಕೆಲಸಾ ಕೊಟ್ಟೀನಿ. ಇವತ್ತಿಗೂ ಕೂಡಿ ಚಾ ಕುಡೀತಾರ ಇಬ್ಬರೂ. ಇದು ಬರಿ, ಇದು ಮುಖ್ಯ ಅದ.”

ಅವಳು ಬರೆದುಕೊಂಡಳು.

ಅಷ್ಟರಲ್ಲಿ ದೌಲಪ್ಪನವರ ಹೆಂಡತಿ ನೀಲಗಂಗಮ್ಮ ಚಹಾ ತಂದರು. ದೌಲಪ್ಪ ಫೋನ್ ಬಂದು ಹೊರಗೆ ಹೋದಾಗ ಅವರು ಸುಮಂಗಲಾಳ ಮುಖವನ್ನೇ ನೋಡುತ್ತ, ತಾಯಿಯ ಹೆಸರೇನು ಎಂದು ಕೇಳಿದರು. ಭೀಮಬಾಯಿ ಎಂದಳು. ನೀಲಗಂಗಮ್ಮನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಭೀಮಬಾಯಿ ಅವರ ತೋಟದಲ್ಲಿ ಹತ್ತು ವರ್ಷ ಬಾಳೆಗೊನೆ ಹೊತ್ತವಳು. ಅವರು ಟೀಪಾಯಿಯ ಮೇಲಿನ ಫೋನನ್ನು ನೋಡಿದರು, ಗಂಡನ ಸಹಿಯ ಕಾಗದವನ್ನು ನೋಡಿದರು. ಚಹಾ ಆರುತ್ತದೆ, ಕುಡಿ ಎಂದಷ್ಟೇ ಹೇಳಿ ಒಳಗೆ ಹೋದರು. ಗಂಡನಿಗೆ ಹೇಳುತ್ತಾರೆ ಎಂದು ಸುಮಂಗಲಾ ಹದಿನೈದು ದಿನ ಕಾದಳು. ಅವರು ಹೇಳಲಿಲ್ಲ.

ಮಾತನ್ನೆಲ್ಲ ಬೆರಳಚ್ಚು ಮಾಡಿ, ತೋರಿಸಿ, ಸರಿಯಿದೆ ಎಂದು ಬರೆಸಿಕೊಳ್ಳಬೇಕೆಂಬುದು ವಿಭಾಗದ ನಿಯಮ. ಸುಮಂಗಲಾ ಮೂವತ್ತೊಂದು ಪುಟಗಳನ್ನು ಒಯ್ದು ಕೊಟ್ಟಳು. ಬೇಡವಾದದ್ದನ್ನು ಹೊಡೆದುಹಾಕಬಹುದು ಎಂದು ಬಾಯಿಬಿಟ್ಟು ಹೇಳಿದಳು. ಕಲ್ಲಿನ ಮಾತಿದ್ದ ಪುಟವನ್ನು ಮಡಚಿಯೂ ತೋರಿಸಿದಳು. ದೌಲಪ್ಪ ಎರಡು ದಿನ ಇಟ್ಟುಕೊಂಡರು. ತಮ್ಮ ತಂದೆಯ ಹೆಸರಿಗೆ ‘ಶ್ರೀ’ ಸೇರಿಸಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟು, ಪ್ರತಿ ಪುಟಕ್ಕೂ ಸಹಿ ಹಾಕಿ ಕಳಿಸಿದರು.

ಗುರುಪ್ರಸಾದರೂ ಸಹಿ ಹಾಕಿದರು. ಪ್ರಬಂಧದ ಮೊದಲ ಅಧ್ಯಾಯದಲ್ಲಿ ಸಂಶೋಧಕರು ತಮಗೂ ವಿಷಯಕ್ಕೂ ಇರುವ ಸಂಬಂಧವನ್ನು ಬರೆಯಬೇಕು. ಗಾಯಗೊಂಡವನು ತನ್ನ ಅಣ್ಣ, ಸಹಿ ಮಾಡಿದವನು ತನ್ನ ತಂದೆ ಎಂದು ಸುಮಂಗಲಾ ಐದನೆಯ ಪುಟದಲ್ಲಿ ಬರೆದಿದ್ದಳು. ಅವರು ಪುಟ ತಿರುವಿ, ತಮ್ಮ ಪುಸ್ತಕದ ಉಲ್ಲೇಖ ಎಷ್ಟು ಕಡೆ ಬಂದಿದೆ ಎಂದು ನೋಡಿ, ಭೇಷ್ ಎಂದು ‘ಪರಿಶೀಲಿಸಲಾಗಿದೆ’ ಮುದ್ರೆ ಒತ್ತಿದರು. ಅವರು ಓದುವುದಿಲ್ಲವೆಂದು ಅವಳಿಗೆ ಎರಡು ವರ್ಷದಲ್ಲಿ ಗೊತ್ತಾಗಿತ್ತು.

ಇನ್ನು ಕುನಾಲನಿಗೆ ಹೇಳುವುದು ಉಳಿದಿತ್ತು. ಗಿರಣಿಯ ಊಟದ ಬಿಡುವಿನಲ್ಲಿ ಕಪನೂರಕ್ಕೆ ಹೋಗಿ, ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಅವನಿಗೆ ಕಲ್ಲಿನ ಮಾತಿದ್ದ ಪುಟ ಕೊಟ್ಟಳು. ಅವನು ಮುಖ ಒಂದು ಬದಿಗೆ ತಿರುಗಿಸಿ ಬಲಗಣ್ಣಿನಿಂದ ಎರಡು ಸಲ ಓದಿದ. ವಿಶ್ವಾಸ ಅವನಿಗೆ ಒಳ್ಳೆಯ ಮಾಲೀಕನಾಗಿದ್ದ. ಜ್ವರ ಬಂದಾಗ ಮಾತ್ರೆ ತರಿಸುತ್ತಿದ್ದ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದ, ಹೆಸರಿಗೆ ಅಣ್ಣ ಸೇರಿಸಿ ಕರೆಯುತ್ತಿದ್ದ.

ಕುನಾಲ ಪುಟವನ್ನು ಮಡಚಿ ಅವಳ ಕೈಗೆ ಕೊಟ್ಟ. ಆಮೇಲೆ, “ಯಾವಾಗ್ಲೂ ನನ್ನ ಎಡಗಡೀ ಬಂದು ನಿಲ್ತಿದ್ದ. ಕೂತ್ರೂ ಎಡಗಡೀನೇ. ಇಷ್ಟು ವರ್ಷ ಅವನ ಮಾರಿ ನಾ ನೆಟ್ಟಗ ನೋಡಿಲ್ಲ, ತಂಗಿ” ಎಂದ.

ಮಧ್ಯಾಹ್ನದ ಸೈರನ್ ಆಯಿತು. ಅವನು ಒಳಗೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತಂಗಿಯ ಜೊತೆ ರಿಂಗ್ ರಸ್ತೆಯವರೆಗೆ ನಡೆದ. ಕೇಸು ಮಾಡಬೇಡ ಎನ್ನುತ್ತಾನೆಂದು ಸುಮಂಗಲಾ ಹೆದರಿದ್ದಳು. ಅವನು ಹಾಗೆ ಅನ್ನಲಿಲ್ಲ. ಆದರೆ ಇದು ನನಗೋಸ್ಕರ ಅಂತ ಹೇಳಬೇಡ, ನಿನಗೋಸ್ಕರ ಅಂತ ಮಾಡು ಎಂದ. ಹೌದು, ನನಗೋಸ್ಕರವೇ ಎಂದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ವಿದ್ಯಾವತಿ ಎಂಬ ಪ್ರಾಧ್ಯಾಪಕಿ ಬಂದಿದ್ದರು. ಪಕ್ಕದಲ್ಲಿ ಗುರುಪ್ರಸಾದ. ಅದೇ ವಾರ ಕೇಂದ್ರದಲ್ಲಿ ದೌಲಪ್ಪನವರಿಗೆ ಶಾಂತಿ ಪುರಸ್ಕಾರ ಕೊಡುವ ಸಮಾರಂಭವಿತ್ತು. ಬ್ಯಾನರ್ ಆಗಲೇ ಕಟ್ಟಿದ್ದರು. ವಿದ್ಯಾವತಿ ಪ್ರಬಂಧವನ್ನು ಓದಿಕೊಂಡೇ ಬಂದಿದ್ದರು. ಅವರು ಮೊದಲು ಗುರುಪ್ರಸಾದರ ಕಡೆ ತಿರುಗಿ, ಈ ಹುಡುಗಿ ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದರು. ಕಮಲಾಪುರದ ವಿದ್ಯಾರ್ಥಿನಿ, ಬಹಳ ಜಾಣೆ ಎಂದರು ಅವರು. ವಿದ್ಯಾವತಿ ಐದನೆಯ ಪುಟ ತೆಗೆದು ಅವರ ಮುಂದೆ ಸರಿಸಿದರು. ಆಮೇಲೆ ವಿಶ್ವಾಸನ ಹೆಸರಿದ್ದ ಇಪ್ಪತ್ತೆರಡನೆಯ ಪುಟ.

ಗುರುಪ್ರಸಾದರ ಕಿವಿಯ ತುದಿ ಕೆಂಪಾಗುವುದನ್ನು ಸುಮಂಗಲಾ ಕುಳಿತಲ್ಲಿಂದ ನೋಡಿದಳು. ಅವಸರವಿಲ್ಲದೆ ನೋಡಿದಳು. ಅವರು, ಇದು ಮೋಸ, ಸಂದರ್ಶನ ಕೊಟ್ಟವರಿಗೆ ಇವಳು ತಾನು ಯಾರೆಂದು ಹೇಳಿಲ್ಲ, ಇಂಥ ಪ್ರಬಂಧ ನಿಲ್ಲುವುದಿಲ್ಲ ಎಂದರು. ಹೇಳಿದ್ದೀಯೇನು ಎಂದು ವಿದ್ಯಾವತಿ ಅವಳನ್ನೇ ಕೇಳಿದರು.

“ಅಪ್ಪನ ಹೆಸರು ಹೇಳೀನಿ ಮೇಡಂ. ಅವರಿಗೆ ನೆನಪಾಗಲಿಲ್ಲ. ತಪ್ಪು ತಿಳ್ಕೊಂಡ್ರು, ನಾ ತಿದ್ದಲಿಲ್ಲ. ಬೇಕಂತಲೇ ತಿದ್ದಲಿಲ್ಲ.”

ವಿದ್ಯಾವತಿ ಅದನ್ನು ತಪ್ಪೆಂದೇ ಬರೆದುಕೊಂಡು ಅಂಕ ಕಡಿಮೆ ಮಾಡಿದರು. ಆದರೆ ಪ್ರಬಂಧವನ್ನು ಒಪ್ಪಿದರು. ಹೊರಡುವಾಗ ಗುರುಪ್ರಸಾದರಿಗೆ, ನಿಮ್ಮ ಪುಸ್ತಕದಲ್ಲಿ ಆ ತಂದೆಯನ್ನು ಮಾತಾಡಿಸಿದ ಒಂದು ಸಾಲೂ ಇಲ್ಲವಲ್ಲ ಎಂದರು. ಸಂಜೆ ಕೇಂದ್ರದವರು ಪುರಸ್ಕಾರದ ಬ್ಯಾನರ್ ಇಳಿಸಿದರು. ಮುಂದಿನ ವರ್ಷದ ಪಠ್ಯದಲ್ಲಿ ಆ ಪುಸ್ತಕ ಇರಲಿಲ್ಲ.

ಅಂಬರೀನ್ ಎಂಬ ವಕೀಲೆ ದೂರು ಬರೆದುಕೊಟ್ಟರು. ರೆಕಾರ್ಡಿಂಗ್, ಸಹಿಯಾದ ಮೂವತ್ತೊಂದು ಪುಟ, ಹಳೆಯ ಆಸ್ಪತ್ರೆ ಕಾಗದ ಎಲ್ಲ ಜೊತೆಗಿಟ್ಟರು. ಕೋರ್ಟಿನ ಅನುಮತಿ ಪಡೆದು ಮರುತನಿಖೆ ಶುರುವಾಯಿತು. ಕಲ್ಲಿಗೆ ವಿಶ್ವಾಸನ ಮೇಲೂ, ಬಹಿಷ್ಕಾರಕ್ಕೆ ದೌಲಪ್ಪನವರ ಮೇಲೂ ಆರೋಪ ಬಂತು. ವಿಶ್ವಾಸನನ್ನು ಪೊಲೀಸರು ಹಿಡಿದೊಯ್ದರು, ಹದಿನೆಂಟು ದಿನದ ನಂತರ ಜಾಮೀನು ಸಿಕ್ಕಿತು. ಆ ಹದಿನೆಂಟು ದಿನವೂ ಸುಮಂಗಲಾ ಚೆನ್ನಾಗಿ ಉಂಡು, ಚೆನ್ನಾಗಿ ನಿದ್ದೆ ಮಾಡಿದಳು. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ.

ಜಾಮೀನಾದ ಮರುವಾರ ದೌಲಪ್ಪ ಕಾರು ಮಾಡಿಕೊಂಡು ಕಮಲಾಪುರಕ್ಕೆ ಹಣಮಂತರಾಯನ ಮನೆಗೆ ಬಂದರು. ಜೊತೆಗೆ ನೀಲಗಂಗಮ್ಮ. ಆ ಓಣಿಗೆ ಅವರು ಬಂದದ್ದು ಅದೇ ಮೊದಲು. ಅಪ್ಪ ಗಡಬಡಿಸಿ ಕುರ್ಚಿ ಹಾಕಿ ಗೋಡೆಗೆ ಒರಗಿ ನಿಂತ. ದೌಲಪ್ಪನವರ ರುಮಾಲು ಓರೆಯಾಗಿತ್ತು, ಮುಖ ಇಳಿದಿತ್ತು. ಮಗನಿಗೆ ಎರಡು ಮಕ್ಕಳಿವೆ, ಮಾಡಿದ್ದು ತಪ್ಪೇ, ಕುನಾಲನಿಗೆ ಗಿರಣಿಯಲ್ಲಿ ಪಾಲು ಕೊಡುತ್ತೇನೆ, ಇಲ್ಲಿಗೆ ಬಿಡಿ ಎಂದರು. ಆಮೇಲೆ ಸುಮಂಗಲಾಳ ಕಡೆ ತಿರುಗಿದರು.

“ಶಾಂತಿ ಓದಿದಾಕಿ ನೀ. ರಾಜಿ ಅಂದ್ರ ಏನಂತ ನಿನಗ ನಾ ಹೇಳಬೇಕೇನವಾ?”

“ಓದೀನಿ ರೀ. ರಾಜಿ ಆಗಬೇಕಂದ್ರ ಎರಡೂ ಕಡಿಯವರಿಗೆ ಒಲ್ಲೆ ಅನ್ನಾಕ ಬರಬೇಕು ಅಂತ ಅದರಾಗ ಅದ. ಆಗ ನಮ್ಮಪ್ಪಗ ಬರ್ತಿದ್ದಿಲ್ಲ. ಈಗ ನನಗ ಬರ್ತದ. ಒಲ್ಲೆ.”

ದೌಲಪ್ಪ ಕೈ ಮುಗಿದರು. ಅವಳಿಗೆ ಕನಿಕರ ಬರಬಹುದೇನೋ ಎಂದು ತನ್ನೊಳಗೇ ಹುಡುಕಿದಳು, ಬರಲಿಲ್ಲ. ಆ ಮುಗಿದ ಕೈಗಳನ್ನೇ ನೋಡುತ್ತ ನಿಂತಳು. ಇನ್ನಷ್ಟು ಹೊತ್ತು ಹಾಗೇ ಇರಲಿ ಎನಿಸಿತು. ಅವ್ವ ಒಳಗಿನಿಂದ ಬಂದು ನೀಲಗಂಗಮ್ಮನಿಗೆ ಮಾತ್ರ ನೀರು ಕೊಟ್ಟಳು. ದೌಲಪ್ಪನವರಿಗೆ ಕೊಡಲಿಲ್ಲ.

ಆಗಲೇ ಅವರಿಗೆ ಹೊಳೆದಿರಬೇಕು. ಹೆಂಡತಿಯ ಕಡೆ ತಿರುಗಿ, ಇವಳು ಮನೆಗೆ ಬಂದ ದಿನ ನಿನಗೆ ಗುರುತು ಸಿಕ್ಕಿತ್ತೇನು ಎಂದು ಕೇಳಿದರು. ನೀಲಗಂಗಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು.

“ಸಿಕ್ಕಿತ್ತು. ಬಂದ್ ಮಾಡಿಸೋ ದಿನಾ ಬ್ಯಾಡ್ರಿ ಅಂತ ಕಾಲು ಹಿಡಿದಿದ್ದೆ. ಹೆಂಗಸಿನ ಮಾತು ಕೇಳಾಂಗಿಲ್ಲ ಅಂದಿದ್ರಿ. ಅದಕ್ಕ ಸುಮ್ಮನಾದೆ.”

ಹೇಳುವಾಗ ಅವರ ಕಣ್ಣು ತುಂಬಿತ್ತು. ಜೈಲಿಗೆ ಹೋಗಿ ಬಂದವನು ಅವರ ಮಗನೂ ಆಗಿದ್ದ. ಕಾರಿನವರೆಗೆ ದೌಲಪ್ಪ ಮುಂದೆ, ಅವರು ಹತ್ತು ಹೆಜ್ಜೆ ಹಿಂದೆ ನಡೆದರು.

ಕುನಾಲ ಕಪನೂರದಲ್ಲೇ ವಹಾಬ್ ಎಂಬುವರ ಪೈಪಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದ. ಸುಮಂಗಲಾ ಅಂಬರೀನರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಅಪ್ಪ ಮಾತ್ರ ಕೇಸಿನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ಅವನು ಸಾಕ್ಷಿ ಹೇಳದಿದ್ದರೆ ಬಹಿಷ್ಕಾರದ ಆರೋಪ ಸಡಿಲವಾಗುತ್ತದೆ ಎಂದು ಅಂಬರೀನ್ ಎಚ್ಚರಿಸಿದ್ದರು. ಅವನು ಬರುವನೋ ಇಲ್ಲವೋ ಎಂದು ಅವನ ಸರದಿಯ ದಿನದವರೆಗೂ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಒಬ್ಬನೇ ಬಂದು ಕೋರ್ಟಿನ ಜಗುಲಿಯಲ್ಲಿ ಕುಳಿತಿದ್ದ.

ಕಟಕಟೆ ಹತ್ತಿದ ಮೇಲೆ ಮೊದಲೆರಡು ಪ್ರಶ್ನೆಗೆ ಹೌದು ಎಂದಷ್ಟೇ ಹೇಳಿದ. ಆಮೇಲೆ ನಿಲ್ಲಲಿಲ್ಲ. ಯಾವ ದಿನ ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತೆ, ಯಾರು ನೋಡಿ ಮುಖ ತಿರುಗಿಸಿದರು, ಆಸ್ಪತ್ರೆಯಲ್ಲಿದ್ದ ಮಗನಿಗೆ ಬುತ್ತಿ ಒಯ್ಯಲು ಯಾವ ಆಟೊದವನು ಹತ್ತಿಸಿಕೊಳ್ಳಲಿಲ್ಲ, ಎಲ್ಲವನ್ನೂ ಹೇಳಿದ. ನ್ಯಾಯಾಧೀಶರು ಸಂಕ್ಷಿಪ್ತವಾಗಿ ಹೇಳಿ ಎಂದರು. ಇಲ್ರಿ ಸಾಹೇಬ್ರ, ಎಲ್ಲಾ ಹೇಳ್ತೀನಿ ಎಂದ. ಎದುರಿಗೆ ಆರೋಪಿಗಳ ಜಾಗದಲ್ಲಿ ದೌಲಪ್ಪ, ವಿಶ್ವಾಸ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು.

ಊಟದ ಹೊತ್ತಾಗಿ, ಉಳಿದದ್ದು ಎರಡೂವರೆಗೆ ಎಂದು ನ್ಯಾಯಾಧೀಶರು ಎದ್ದರು. ಏನಾದರೂ ತಿಂದು ಬರೋಣ ಎಂದು ಅಂಬರೀನ್ ಕರೆದರು. ತಾನು ಇಲ್ಲೇ ಇರುತ್ತೇನೆ, ಜಾಗ ಹೋಗುತ್ತದೆ ಎಂದಳು ಸುಮಂಗಲಾ. ಎದುರು ಬೆಂಚಿನಲ್ಲಿ ಕುಳಿತಿದ್ದ ದೌಲಪ್ಪನವರಿಗೆ ತಾನು ಸರಿಯಾಗಿ ಕಾಣುವಂತೆ ಸ್ವಲ್ಪ ಸರಿದು ಕುಳಿತಳು.